ಲೈಬ್ರರಿ ಸಾರ್ ಕಾರು ನಿಂತ ಕಾರಣ

ದೀಪ ಉರಿಯಲಿ, ಆರಿಸಬೇಡಿ. ನಾನು ಹೇಳುವುದು ಎಲ್ಲೋ ಓದಿದ್ದಲ್ಲ. ಓದಿದ್ದಾಗಿದ್ದರೆ ಪುಸ್ತಕವನ್ನೇ ನಿಮ್ಮ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದೆ. ಇದು ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ನನಗಿಂತ ಮೂರು ತಿಂಗಳಿಗೆ ದೊಡ್ಡವನು, ಅಷ್ಟಕ್ಕೇ ಐವತ್ತು ವರ್ಷದಿಂದ ನನ್ನ ಬಾಯಲ್ಲಿ ಅಣ್ಣ ಅನ್ನಿಸಿಕೊಳ್ಳುತ್ತಿದ್ದಾನೆ.

ಅವನು ಕಾರು ಮೆಕ್ಯಾನಿಕ್. ಹಳೇ ಕಾರುಗಳು ಮಾತ್ರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಕಾಯಿಲೆ ಏನು ಅಂತ ಹೇಳುತ್ತಾನೆ. ಅದಕ್ಕೇ ಎಲ್ಲರಿಗೂ ಅವನು ಕಿವಿಯಣ್ಣ. ಅವನ ಹೆಂಡತಿ ಮಾತ್ರ, ಮನೇಲಿ ಹೇಳಿದ್ದು ಒಂದೂ ಕೇಳಿಸದ ಕಿವಿ ಅದು ಅನ್ನುತ್ತಾಳೆ.

ಆ ರಾತ್ರಿ ಅವನ ಶೆಡ್ಡಿನಿಂದ ಇಬ್ಬರೂ ನಡೆದು ಮನೆಗೆ ಬರುತ್ತಿದ್ದೆವು. ಹತ್ತೂವರೆ ದಾಟಿತ್ತು. ಶೆಡ್ಡಿನಿಂದ ಒಂದು ಕಿಲೋಮೀಟರಿಗೆ ರಸ್ತೆ ತಿರುಗುತ್ತದೆ. ತಿರುವಿನ ಒಳಮಗ್ಗುಲಲ್ಲಿ ಹಳೇ ಬಾವಿ. ಈಗ ಯಾರೂ ನೀರು ಸೇದುವುದಿಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬಾವಿ ಹತ್ತಿರ ಬರುತ್ತಿದ್ದಂತೆ ಅವನು ನನ್ನ ತೋಳು ಹಿಡಿದು ನಿಲ್ಲಿಸಿದ.

"ಕೇಳಿಸ್ತಾ?"

"ಏನು?"

"ಸ್ಟಾರ್ಟರ್."

ನಾನು ಕಿವಿಗೊಟ್ಟೆ. ಜೀರುಂಡೆ. ಬಾವಿಯ ಒಳಗೆಲ್ಲೋ ಒಂದು ಹನಿ... ಟೊಳಕ್. ಸ್ವಲ್ಪ ಹೊತ್ತಿಗೆ ಇನ್ನೊಂದು... ಟೊಳಕ್. ಅಷ್ಟೇ.

"ಏನೂ ಇಲ್ಲ ಅಣ್ಣ."

"ಶ್... ಬ್ಯಾಟರಿ ಇಳೀತಿದೆ," ಅಂದ ಪಿಸುದನಿಯಲ್ಲಿ. "ಘರ್ರ್ ಘರ್ರ್ ಅಂತಿದ್ದದ್ದು ಈಗ ಘ...ರ್, ಘ...ರ್ ಅಂತಿದೆ. ಇನ್ನೆರಡು ಸಲ ತಿರುಗಿಸಿದ್ರೆ ಮುಗೀತು."

ರಸ್ತೆ ಎರಡೂ ಕಡೆ ಖಾಲಿ. ಗಾಡಿ ಇರಲಿ, ಒಂದು ಸೈಕಲ್ಲೂ ಇಲ್ಲ. ಅವನು ಬೆರಳು ಮಡಿಸುತ್ತ ನಿಂತಿದ್ದ. ಒಂದು... ಎರಡು...

"ಟಕ್ ಅಂತು," ಅಂದ. "ಹೋಯ್ತು."

ಅಷ್ಟು ಹೇಳಿ ಬಿರಬಿರನೆ ನಡೆದ. ಯಾಕೆ ಅಂತ ನಾನು ಕೇಳಲಿಲ್ಲ. ಆ ಜಾಗದಲ್ಲಿ ಏನಾಗಿತ್ತು ಅಂತ ನನಗೂ ಗೊತ್ತಿತ್ತು.

ಲೈಬ್ರರಿ ಸಾರ್ ಕಾರು ಸಿಕ್ಕಿದ್ದು ಅಲ್ಲೇ, ಅದಕ್ಕೆ ಎರಡು ತಿಂಗಳ ಹಿಂದೆ.

ಮೂವತ್ತು ವರ್ಷ ವಾಚನಾಲಯದಲ್ಲಿ ಕೂತು ಅವರ ದನಿ ಹಾಗೇ ತಗ್ಗಿಹೋಗಿತ್ತು. ನಿವೃತ್ತರಾದ ಮೇಲೂ ಅಂಗಡಿಯಲ್ಲಿ "ಅರ್ಧ ಕೆಜಿ ಟೊಮೇಟೊ" ಅಂತ ಪಿಸುಗುಡುವವರು. ಅಂಗಡಿಯವನೂ ಮರೆತು ಪಿಸುದನಿಯಲ್ಲೇ ರೇಟು ಹೇಳುತ್ತಿದ್ದ. ನನಗೆ ಓದುವ ಚಟ ಹತ್ತಿಸಿದವರು ಅವರು. ಅವರದು ಮೂವತ್ತೈದು ವರ್ಷದ ಹಳೇ ಪೆಟ್ರೋಲ್ ಕಾರು. ಟ್ಯಾಂಕಿನಲ್ಲಿ ತುಕ್ಕು ಸೇರಿದೆ ಅಂತ ಕಿವಿಯಣ್ಣನ ಹತ್ತಿರ ಬಿಟ್ಟಿದ್ದರು. ಅವನು ಟ್ಯಾಂಕ್ ಇಳಿಸಿ ತೊಳೆದು, ಬಣ್ಣ ಹೊಡೆದು, ಕೂರಿಸಿ ಕೊಟ್ಟ. ಎರಡು ದಿನದ ಮೇಲೆ ನಡುರಾತ್ರಿ ಅವರಿಗೆ ಎದೆನೋವು ಬಂತು. ಹೆಂಡತಿಯನ್ನು ಎಬ್ಬಿಸಲಿಲ್ಲ. ತಾವೇ ಕಾರು ತೆಗೆದು ಆಸ್ಪತ್ರೆಗೆ ಹೊರಟರು. ಬಾವಿಯ ತಿರುವಿನಲ್ಲಿ ಕಾರು ನಿಂತಿತು.

ಬೆಳಿಗ್ಗೆ ಹಾಲಿನವನು ನೋಡಿದಾಗ ಗಾಜೆಲ್ಲ ಮೇಲಿತ್ತು. ಬಾಗಿಲು ಒಳಗಿನಿಂದ ಚಿಲಕ. ಬ್ಯಾಟರಿ ಪೂರ್ತಿ ಸತ್ತಿತ್ತು. ಸಾರ್ ಕೈ ಇನ್ನೂ ಕೀಲಿಯ ಮೇಲೇ ಇತ್ತು.

ಪೆಟ್ರೋಲ್ ಮುಗಿದಿರಬೇಕು ಅಂದರು ಜನ. ಹಳೇ ಗಾಡಿ ಅಂದರು. ಹಣೆಬರಹ ಅಂದರು. ಇದ್ಯಾವುದನ್ನೂ ಒಪ್ಪದವರು ಒಬ್ಬರೇ, ಅವರ ಹೆಂಡತಿ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದವರು. ಎರಡು ತಿಂಗಳು ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡಿದ್ದು, ಆಮೇಲೆ ಎಳೆಸಿಕೊಂಡು ಶೆಡ್ಡಿಗೆ ತಂದರು. ನಾವು ಬಾವಿ ಹತ್ತಿರ ನಿಂತೆವಲ್ಲ, ಅವತ್ತೇ ಬೆಳಿಗ್ಗೆ.

"ಓಡೋ ಹಾಗೆ ಮಾಡಿಕೊಡಬೇಕಾ ಟೀಚರಮ್ಮ?" ಅಂತ ಕಿವಿಯಣ್ಣ ಕೇಳಿದ.

"ಓಡದಿದ್ರೂ ಪರವಾಗಿಲ್ಲ. ಯಾಕೆ ನಿಂತಿತು ಅಂತ ಹೇಳಿ."

"ಹಳೇ ಗಾಡಿ... ನೂರು ಕಾರಣ ಇರ್ತಾವೆ."

"ನೂರರಲ್ಲಿ ಒಂದೇ ಸರಿ ಇರೋದು ಮೇಸ್ತ್ರಿ. ಅದು ಬೇಕು ನಂಗೆ. ಬರೀ ಉತ್ತರ ಅಲ್ಲ, ಅದು ಹೇಗೆ ಬಂತು ಅನ್ನೋದೂ ಬೇಕು. ಪೆಟ್ರೋಲ್ ಮುಗಿದಿತ್ತು ಅಂತ ಹೇಳಬೇಡಿ. ಅರ್ಧ ಟ್ಯಾಂಕ್ ಇದೆ, ಕಡ್ಡಿ ಹಾಕಿ ನೋಡಿದ್ದೀನಿ."

ಸ್ವಲ್ಪ ಹೊತ್ತು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು, ಹೋಗುವಾಗ ಅಂದರು: "ನನ್ನ ಯಾಕೆ ಎಬ್ಬಿಸಲಿಲ್ಲ ಅಂತ ಕೇಳೋಣ ಅಂದ್ರೆ ಅವರಿಲ್ಲ. ಕಾರು ಇದೆಯಲ್ಲ. ಅದನ್ನ ಕೇಳಿ."

ಮಾರನೇ ದಿನ ಅವನು ಕೇಳಲು ಶುರುಮಾಡಿದ.

ಇಂಜಿನ್ ನಿಲ್ಲುವುದಕ್ಕೆ ಕಾರಣ ಎರಡೇ, ಅನ್ನುತ್ತಾನೆ ಅವನು. ಕಿಡಿ ಇಲ್ಲ, ಇಲ್ಲವೇ ಕೂಳಿಲ್ಲ. ಸತ್ತಿದ್ದ ಬ್ಯಾಟರಿ ತೆಗೆದು ಶೆಡ್ಡಿನದೊಂದು ಹಾಕಿ ಕಿಡಿ ನೋಡಿದ, ನೀಲಿಯಾಗಿ ಸರಿಯಾಗಿ ಹಾರುತ್ತಿತ್ತು. ಹಾಗಾದರೆ ಕೂಳು. ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿ ಬಾಟಲಿಯೊಳಗೆ ಇಳಿಬಿಟ್ಟು ಇಂಜಿನ್ ತಿರುಗಿಸಿದ. ಪುಸಕ್... ಪುಸಕ್... ಪೆಟ್ರೋಲ್ ಬಂತು, ಜೋರಾಗೇ ಬಂತು. ಫಿಲ್ಟರ್ ಬದಲಾಯಿಸಿದ. ಪಂಪು ಬಿಚ್ಚಿದ. ಅದರ ಹೊಟ್ಟೆಯಲ್ಲಿ ಒಂದು ರಬ್ಬರಿನ ಪೊರೆ ಇರುತ್ತದೆ, ಅದು ಮೇಲೆ ಕೆಳಗೆ ಆಡಿದರೇ ಪೆಟ್ರೋಲ್ ಮುಂದೆ ಹೋಗುವುದು. ಪೊರೆ ಹೊಸದರ ಹಾಗಿತ್ತು. ಟ್ಯಾಂಕಿನಿಂದ ಬರುವ ಪೈಪಿಗೆ ಬಾಯಿಟ್ಟು ಊದಿದ. ಟ್ಯಾಂಕಿನಲ್ಲಿ ಗುಳುಗುಳು ಅಂತು. ದಾರಿ ತೆರೆದೇ ಇತ್ತು. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಒಂದೇ ಸಲಕ್ಕೆ ಹತ್ತಿಕೊಂಡಿತು.

ರಸ್ತೆಗೆ ತೆಗೆದುಕೊಂಡು ಹೋದ. ಒಂದು ಕಿಲೋಮೀಟರ್ ಸಲೀಸು. ಎರಡು. ಮೂರು. ಮೂರು ದಾಟಿದ ಮೇಲೆ ಎಳೆತ ಕಮ್ಮಿಯಾಯಿತು. ಕೆಮ್ಮಿತು. ನಾಲ್ಕಕ್ಕೆ ನಿಂತೇಹೋಯಿತು.

ಸಾರ್ ಮನೆಯಿಂದ ಬಾವಿಯ ತಿರುವಿಗೂ ನಾಲ್ಕೇ.

ಕಿವಿಯಣ್ಣ ಇಳಿದು ಹಿಂದೆ ಹೋದ. ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸ್ಸ್ಸ್... ಅಂತ ಗಾಳಿ ಒಳಕ್ಕೆ ಹೋಯಿತು. ನೀರಿನಿಂದ ಮೇಲೆ ಬಂದವನು ಉಸಿರು ಎಳೆದುಕೊಂಡ ಹಾಗೆ. ಮುಚ್ಚಳ ಸಡಿಲ ಬಿಟ್ಟು ಕೀಲಿ ತಿರುಗಿಸಿದ. ಕಾರು ಹೊರಟಿತು.

ಅಲ್ಲಿಗೆ ಅವನಿಗೆ ಕಾರಣ ಗೊತ್ತಾಯಿತು. ಟ್ಯಾಂಕಿನಿಂದ ಪೆಟ್ರೋಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೇ ಕಿರುಬೆರಳಿಗಿಂತ ಸಣ್ಣ ಪೈಪು ಒಂದಿರುತ್ತದೆ. ಅದು ಮುಚ್ಚಿದರೆ ಟ್ಯಾಂಕ್ ಪೆಟ್ರೋಲನ್ನು ಬಿಗಿಹಿಡಿದುಕೊಳ್ಳುತ್ತದೆ, ಪಂಪು ಎಷ್ಟು ಎಳೆದರೂ ಬಿಡುವುದಿಲ್ಲ. ಸ್ವಲ್ಪ ದೂರ ಓಡುತ್ತದೆ, ಆಮೇಲೆ ಕೂಳು ಸಿಗದೆ ನಿಲ್ಲುತ್ತದೆ.

ಕಾರನ್ನು ಶೆಡ್ಡಿಗೆ ತಂದು ಗುಂಡಿಯ ಮೇಲೆ ನಿಲ್ಲಿಸಿದ. ಕಾರಿನ ಕೆಳಗೆ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿಸಿದ ಗುಂಡಿ ಅದು, ಎರಡೂವರೆ ಅಡಿ ಅಗಲ, ಎದೆಯುದ್ದ ಆಳ. ಇಳಿದು ಗಾಳಿ ಪೈಪಿನ ಬಾಯಿ ಹುಡುಕಿದ. ಬೆರಳಿಗೆ ಬಟ್ಟೆ ತಾಗಿತು. ಎಳೆದ.

ನೀಲಿ ಹೂವಿನ ಬಟ್ಟೆ. ಅವನ ಮನೆಯ ಹಳೇ ಹಾಸಿಗೆ ಹೊದಿಕೆ. ಶೆಡ್ಡಿಗೆ ಅಂತ ಅವನ ಹೆಂಡತಿ ಅಂಗೈಯಗಲ ಹರಿದು ಕಟ್ಟಿ ಕೊಡುತ್ತಾಳೆ.

ಟ್ಯಾಂಕ್ ಇಳಿಸಿದಾಗ ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕುವುದು ಅವನ ರೂಢಿ, ಕಸ ಹೋಗದಿರಲಿ ಅಂತ. ಐದು ಬಾಯಿಗೆ ಐದು ತುಂಡು. ಕೂರಿಸುವಾಗ ಎಣಿಸಿ ಐದೂ ತೆಗೆಯಬೇಕು. ಅವತ್ತು ನಾಲ್ಕು ತೆಗೆದಿದ್ದ. ನಾಲ್ಕನೆಯದು ತೆಗೆಯುವ ಹೊತ್ತಿಗೆ ಯಾರೋ ಬಂದು ಕಾಫಿಗೆ ಕರೆದಿದ್ದರು.

ಯಾರು ಅಂತ ಅವನು ನನಗೆ ಹೇಳಲಿಲ್ಲ. ಕರೆದದ್ದು ನಾನು.

ಆ ಸಂಜೆ ಅವನು ಟೀಚರಮ್ಮನಿಗೆ ಫೋನ್ ಮಾಡಿದ. "ಸಿಕ್ಕಿದೆ ಅಮ್ಮ. ನಾಳೆ ಬೆಳಿಗ್ಗೆ ಏಳೂವರೆಗೆ ಬನ್ನಿ, ತೋರಿಸ್ತೀನಿ."

ಆಮೇಲೆ ಗುಜರಿ ಡಬ್ಬಿ ಸುರಿದು ಹುಡುಕಿ, ಹರಿದ ಪೊರೆಯೊಂದನ್ನು ತೆಗೆದ. ಬೇರೆ ಯಾವುದೋ ಕಾರಿನದು, ಆದರೆ ಅದೇ ಅಳತೆ. ಒರೆಸಿ ಬೆಂಚಿನ ಮೇಲೆ ಕಾಗದ ಹಾಸಿ ಇಟ್ಟ. ಇದು ಹರಿದಿತ್ತು ಅಮ್ಮ, ಯಾರ ತಪ್ಪೂ ಅಲ್ಲ, ರಬ್ಬರಿಗೆ ವಯಸ್ಸಾಗುತ್ತದೆ. ಹಾಗೆ ಹೇಳುವುದು ಅಂತ ಬಾಯಿಪಾಠ ಮಾಡಿಕೊಂಡ. ಅವನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಬೇಡಿ.

ಇನ್ನುಳಿದದ್ದು ಗಾಳಿ ಪೈಪನ್ನು ಸರಿಯಾಗಿ ಕೂರಿಸಿ, ಬಿರುಕು ಬಿಟ್ಟಿದ್ದ ಪೆಟ್ರೋಲ್ ಪೈಪಿನ ಬದಲು ಹೊಸದು ಹಾಕುವುದು. ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮಾಡಬೇಕಿತ್ತು. ಷಟರ್ ಕೆಳಗೆಳೆದ. ಪೆಟ್ರೋಲ್ ಪೈಪು ಬಿಚ್ಚುವ ಮುಂಚೆ ಬ್ಯಾಟರಿ ಕಳಚುವುದು ಅವನ ನಿಯಮ, ಕಳಚಿ ಬೆಂಚಿನ ಮೇಲಿಟ್ಟ. ಫೋನೂ ಅಲ್ಲೇ ಇಟ್ಟ. ಟಾರ್ಚ್ ಹಿಡಿದು ಗುಂಡಿಗೆ ಇಳಿದ. ಒಂಬತ್ತು ಗಂಟೆ. ಹೆಂಡತಿ ಆ ವಾರ ತವರಿಗೆ ಹೋಗಿದ್ದಳು. ಬರಲಿಲ್ಲ ಯಾಕೆ ಅಂತ ಕೇಳುವವರು ಮನೆಯಲ್ಲಿ ಇರಲಿಲ್ಲ.

ಆ ಗುಂಡಿ ಕಾರಿಗಿಂತ ಗಿಡ್ಡ. ಷಟರಿನ ಕಡೆ ಮೂರು ಮೆಟ್ಟಿಲಿವೆ, ಅಷ್ಟು ಜಾಗ ಬಿಟ್ಟು ಕಾರು ನಿಲ್ಲಿಸುತ್ತಾನೆ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ ಅಂತ ಈಗಲೂ ಹೇಳುತ್ತಾನೆ. ಟ್ಯಾಂಕಿನ ಪೆಟ್ರೋಲ್ ಪೈಪು ಕಳಚಿ, ಬಾಯಿಗೊಂದು ಬೋಲ್ಟು ಸಿಕ್ಕಿಸಿ, ಹೊಸ ಪೈಪು ಕೊಯ್ಯುತ್ತಿದ್ದ.

ಕಿ...ರ್...

ತಲೆಯ ಮೇಲೆ ಕಾರು ಸರಿಯಿತು. ಮೆಲ್ಲಗೆ... ಯಾರೋ ತಳ್ಳಿದ ಹಾಗೆ. ಮೂರು ಅಡಿ ಹಿಂದಕ್ಕೆ ಬಂದು ಷಟರಿಗೆ ಮುಂಚೆ ನೆಲದಲ್ಲಿದ್ದ ಉಬ್ಬಿಗೆ ಚಕ್ರ ತಾಗಿ, ಧಪ್ ಅಂತ ನಿಂತಿತು. ಅವನ ಭುಜ ಬಡಿದು ಬೋಲ್ಟು ಹಾರಿತು. ಟಿಣ್... ಎಲ್ಲೋ ಬಿತ್ತು. ಟಾರ್ಚೂ ಬಿತ್ತು, ಆರಿತು. ಕತ್ತಲಲ್ಲಿ ಸೊರ್ರ್ ಅಂತ ಪೆಟ್ರೋಲ್ ಸುರಿಯಲು ಶುರುವಾಯಿತು.

ಕೈಗೆ ಸಿಕ್ಕಿದ್ದು ಜೇಬಿನಲ್ಲಿದ್ದ ಬಟ್ಟೆ ತುಂಡು. ಅದೇ ನೀಲಿ ಹೂವಿನದು. ತಿರುಚಿ ತುರುಕಿದ. ಸೊರ್ರ್ ನಿಂತು ತೊಟ್... ತೊಟ್... ಆಯಿತು.

ಆಮೇಲೆ ಹೊರಗೆ ಬರಲು ನೋಡಿದ. ಮೆಟ್ಟಿಲಿನ ಮೇಲೆ ಈಗ ಕಾರಿನ ಹಿಂಭಾಗ, ಆ ಕಡೆಯ ತುದಿಯ ಮೇಲೆ ಇನ್ನೂ ಇಂಜಿನ್. ಪಕ್ಕಗಳಲ್ಲಿ ನೆಲಕ್ಕೂ ಕಾರಿಗೂ ನಡುವೆ ಗೇಣು ಸಂದಿ. ನನ್ನಂಥ ಕಡ್ಡಿಯಾಗಿದ್ದರೆ ತೂರಿಕೊಂಡು ಬರಬಹುದಿತ್ತೇನೋ. ಅವನು ಹೊಟ್ಟೆಯವನು. ತೋಳು ಭುಜದವರೆಗೆ ಹೋಯಿತು, ತಲೆ ಓರೆಮಾಡಿದರೆ ತಲೆಯೂ ಹೋಯಿತು, ಎದೆ ಹೋಗಲಿಲ್ಲ. ಬೆನ್ನು ಕೊಟ್ಟು ಕಾರನ್ನು ಮುಂದಕ್ಕೆ ನೂಕಿದ. ನೆಲ ತೊಳೆದ ನೀರು ಹೊರಗೆ ಹೋಗಲಿ ಅಂತ ಷಟರಿನ ಕಡೆಗೆ ಇಳಿಜಾರು ಮಾಡಿಸಿದವನು ಅವನೇ. ಕಾರು ಮುಂದಕ್ಕೆ ಒಂದು ಬೆರಳಿನಷ್ಟೂ ಹೋಗಲಿಲ್ಲ.

ಕೂಗಿದ. ಸುತ್ತ ಇರುವುದು ಗೋದಾಮುಗಳು, ಆ ಹೊತ್ತಿನಲ್ಲಿ ಬೀಗ. ಹತ್ತು ಗಂಟೆಗೆ ಬೆಂಚಿನ ಮೇಲೆ ಫೋನ್ ಗುರ್ ಗುರ್ ಅಂತ ನಡುಗಿತು. ಏಳು ಸಲ. ಅದೂ ನಾನೇ. ಎತ್ತಲಿಲ್ಲ, ಮಲಗಿರಬೇಕು ಅಂದುಕೊಂಡು ಪುಸ್ತಕ ಹಿಡಿದೆ.

ಪೆಟ್ರೋಲ್ ಹಬೆ ಭಾರ, ಕೆಳಗೇ ನಿಲ್ಲುತ್ತದೆ. ಅವನಿಗೆ ಅದು ಗೊತ್ತು. ಒಂದು ಕಿಡಿ ಸಾಕು, ಗುಂಡಿ ಒಲೆಯಾಗುತ್ತದೆ. ಮೂಗನ್ನು ಸಂದಿಗಿಟ್ಟುಕೊಂಡು ನಿಂತ. ಟೀಚರಮ್ಮ ಬರುವುದಕ್ಕೆ ಇನ್ನೂ ಒಂಬತ್ತು ತಾಸು. ನಿಂತೇ ಇರಬೇಕು, ಕೂತರೆ ಹಬೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

ಟಕ್.

ಬಾಗಿಲ ಹಿಡಿಯ ಸದ್ದು. ಕಾರಿನ ಬಲಗಡೆ ಬಾಗಿಲು. ಷಟರ್ ಎತ್ತಿದ ಸದ್ದು ಬಂದಿರಲಿಲ್ಲ. ಹೆಜ್ಜೆಯ ಸದ್ದೂ ಇರಲಿಲ್ಲ.

ಸೀಟಿನ ಸ್ಪ್ರಿಂಗು ಕುಂಯ್ ಅಂತು. ಕಾರಿನ ಹೊಟ್ಟೆ ಒಂದು ಬೆರಳಷ್ಟು ಇಳಿದು ಅವನ ನೆತ್ತಿಗೆ ತಾಗಿತು. ಧಡ್... ಬಾಗಿಲು ಮುಚ್ಚಿತು. ಗಾಜು ಏರಿಸುವ ಹಿಡಿ ತಿರುಗಿತು, ಕಿರಕ್ ಕಿರಕ್ ಕಿರಕ್. ಚಿಲಕ ಕೆಳಗೆ ಬಿತ್ತು.

ಕಿವಿಯಣ್ಣ ಉಸಿರು ಹಿಡಿದ.

ಕಾಲಿನ ಪೆಡಲು ಎರಡು ಸಲ ಒತ್ತಿದ ಸದ್ದು. ಪಚಕ್, ಪಚಕ್. ಸ್ಟಾರ್ಟ್ ಮಾಡುವ ಮುಂಚೆ ಹಾಗೆ ಒತ್ತಬೇಕು ಅಂತ ಸಾರ್‌ಗೆ ಹೇಳಿಕೊಟ್ಟವನು ಅವನೇ.

ಘರ್ರ್... ಘರ್ರ್... ಘರ್ರ್...

ಬ್ಯಾಟರಿ ಬೆಂಚಿನ ಮೇಲಿದೆ. ಅದನ್ನೇ ಮತ್ತೆ ಮತ್ತೆ ಹೇಳಿಕೊಂಡ. ಬೆಂಚಿನ ಮೇಲಿದೆ, ಬೆಂಚಿನ ಮೇಲಿದೆ... ಸ್ಟಾರ್ಟರ್ ತಿರುಗುತ್ತಲೇ ಇತ್ತು. ಅದರ ನಡುಕ ಕಬ್ಬಿಣದಿಂದ ಇಳಿದು ಅವನ ಹಲ್ಲಿಗೆ ಬರುತ್ತಿತ್ತು. ನಿಂತಿತು. ಮೇಲೆ ಯಾರೋ ಉಸಿರಾಡುತ್ತಿದ್ದರು. ಅರ್ಧ ಎಳೆದು ನಿಲ್ಲಿಸಿ, ಮತ್ತೆ ಅರ್ಧ.

"ಮೇಸ್ತ್ರಿ..."

ವಾಚನಾಲಯದ ದನಿ. ಪಕ್ಕದ ಕುರ್ಚಿಯವರಿಗೆ ತೊಂದರೆ ಆಗಬಾರದು ಅನ್ನುವ ದನಿ.

"ಹಾಂ... ಸಾರ್."

"ಏನಾಗಿದೆ?"

ಬಾಯಿಪಾಠ ಮಾಡಿದ್ದು ತಾನಾಗಿ ಬಂತು. "ಪಂಪಿನ ಪೊರೆ... ಹರಿದಿದೆ ಸಾರ್."

ಆಮೇಲೆ ಮತ್ತೆ ಪಚಕ್, ಪಚಕ್. ಘರ್ರ್... ಘ...ರ್... ಮೊದಲಿಗಿಂತ ನಿಧಾನ. ನಿಲ್ಲಿಸಿದಾಗ ಸ್ಟೀರಿಂಗಿಗೆ ಹಣೆ ತಾಗಿದ ಮೆತ್ತನೆ ಸದ್ದು.

"ಮೇಸ್ತ್ರಿ. ಏನಾಗಿದೆ?"

ಸಿಟ್ಟಿಲ್ಲ. ಅದೇ ತಡೆಯಲಾಗಲಿಲ್ಲ ಅಂದ ನನ್ನ ಹತ್ತಿರ. ಗಾಡಿ ಕೊಟ್ಟವರು ಹೇಗೆ ಕೇಳುತ್ತಾರೋ ಹಾಗೆ, ನಿನಗೆ ಗೊತ್ತಿರುತ್ತದೆ ಅಂತ ನಂಬಿ.

"ನಾನು ಬಟ್ಟೆ ತೆಗೆಯೋದು ಮರೆತಿದ್ದೆ ಸಾರ್," ಅಂದ. "ಗಾಳಿ ಪೈಪಲ್ಲಿ. ಐದು ಹಾಕಿದ್ದೆ. ನಾಲ್ಕು ತೆಗೆದೆ."

ತೊಟ್... ತೊಟ್... ಪೆಟ್ರೋಲ್ ಹನಿ ಮಾತ್ರ.

"ಈಗ ತೆಗೀತೀರಾ?"

ಆ ಬಟ್ಟೆ ಈಗ ಗಾಳಿ ಪೈಪಿನಲ್ಲಿ ಇಲ್ಲ. ಟ್ಯಾಂಕಿನ ಬಾಯಲ್ಲಿದೆ. ತೆಗೆದರೆ ಅರ್ಧ ಟ್ಯಾಂಕ್ ಪೆಟ್ರೋಲ್ ಅವನ ಮೇಲೆ. ಮೇಲೆ ಸ್ಟಾರ್ಟರ್. ಅದನ್ನು ಹೇಳಲು ಬಾಯಿ ತೆರೆದ. ಮೇಲಿನ ಉಸಿರು ಚಿಕ್ಕದಾಗುತ್ತಿತ್ತು.

ಕತ್ತಲಲ್ಲೇ ಹೊಸ ಪೈಪು ಹುಡುಕಿದ. ಒಂದು ತುದಿಯನ್ನು ಇಂಜಿನ್ ಕಡೆಯ ಕೊಳವೆಗೆ ಹಾಕಿ ಕ್ಲಿಪ್ಪು ಬಿಗಿದ. ಇನ್ನೊಂದು ತುದಿಗೆ ಮುಂಚೆಯೇ ಕ್ಲಿಪ್ಪು ತೂರಿಸಿ ಬಲಗೈಯಲ್ಲಿ ಹಿಡಿದ. ಎಡಗೈಯಲ್ಲಿ ಬಟ್ಟೆ ಎಳೆದ. ಪೆಟ್ರೋಲ್ ಮುಂಗೈ ಮೇಲೆ, ತೋಳಿನೊಳಗೆ, ಕಂಕುಳಿಗೆ, ಹೊಟ್ಟೆಗೆ ಇಳಿಯಿತು. ತಣ್ಣಗೆ... ಆಮೇಲೆ ಉರಿ. ಪೈಪು ಒತ್ತಿದ, ಜಾರಿತು. ಮತ್ತೆ ಒತ್ತಿದ, ಕೂತಿತು. ಕ್ಲಿಪ್ಪು ಬಿಗಿದ, ಒಂದು ಸುತ್ತು, ಎರಡು, ಇನ್ನರ್ಧ. ಗಾಳಿ ಪೈಪನ್ನು ಕೊಕ್ಕೆಗೆ ಸಿಕ್ಕಿಸಿ, ಬಾಯಿಗೆ ತುಟಿ ಇಟ್ಟು ಊದಿ ನೋಡಿದ. ದಾರಿ ಇತ್ತು.

"ಆಯ್ತು ಸಾರ್," ಅಂದ. "ಈಗ ನೋಡಿ."

ಅಂದವನೇ ಕಣ್ಣು ಮುಚ್ಚಿ ಗುಂಡಿಯ ಗೋಡೆಗೆ ಒರಗಿದ. ಕಿಡಿ ಹಾರಿದರೆ ಹಾರಲಿ.

ಪಚಕ್, ಪಚಕ್.

ಘ...ರ್...

ಹತ್ತಿತು.

ಒಂದೇ ಹದದಲ್ಲಿ ಓಡುತ್ತಿತ್ತು ಇಂಜಿನ್. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಟ್ಯೂನಾದ ಇಂಜಿನ್ ಕೇಳಿಲ್ಲ ಅನ್ನುತ್ತಾನೆ. ಕ್ಲಚ್ಚು ಒತ್ತಿದ ಸದ್ದು. ಒಂದನೇ ಗೇರು. ಸದ್ದು ಮುಂದಕ್ಕೆ ಸರಿಯಿತು. ಎರಡನೇ ಗೇರು... ದೂರವಾಯಿತು. ಮೂರನೇ ಗೇರು... ಎಲ್ಲೋ ತಿರುವಿನಲ್ಲಿ ತಗ್ಗಿ, ಮತ್ತೆ ಏರಿ, ಸಣ್ಣಗಾಗುತ್ತ ಹೋಯಿತು.

ಅವನು ಕೈ ಮೇಲೆತ್ತಿದ. ಕಾರು ಅಲ್ಲೇ ಇತ್ತು, ತಲೆಯ ಮೇಲೆ. ಮುಂದೆ ಸರಿದು ಇಂಜಿನ್ನಿನ ಕಡೆಗೆ ಕೈ ಚಾಚಿದ. ಅದರ ತಳದ ಎಣ್ಣೆ ತೊಟ್ಟಿ ಮಂಜಿನಷ್ಟು ತಣ್ಣಗಿತ್ತು.

ಐದಾರು ನಿಮಿಷದ ಮೇಲೆ, ತುಂಬ ದೂರದಲ್ಲಿ, ಇಂಜಿನ್ ನಿಂತಿತು. ಯಾರೋ ಕೀಲಿ ತಿರುಗಿಸಿ ನಿಲ್ಲಿಸಿದ ಹಾಗೆ. ಆಮೇಲೆ ಬಾಗಿಲು ತೆಗೆದ ಸದ್ದು.

ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಷಟರ್ ಅಲುಗಿತು. ಅರ್ಧ ಮೇಲೆ ಹೋಯಿತು. ಸಂದಿಯಲ್ಲಿ ಅವನಿಗೆ ಕಂಡದ್ದು ಕಂದು ಚಪ್ಪಲಿ, ಅದರೊಳಗೆ ಬೂದು ಕಾಲುಚೀಲ.

"ಮೇಸ್ತ್ರಿ? ಏನಿದು ಪೆಟ್ರೋಲ್ ವಾಸನೆ?"

"ಇಲ್ಲಿ ಅಮ್ಮ. ಕೆಳಗೆ."

"ಅಲ್ಲೇನು ಮಾಡ್ತಿದ್ದೀರಿ?"

ಮೊದಲು ಹೊರಗೆ ತೆಗೀರಿ ಅನ್ನಬಹುದಿತ್ತು. ಬೆಂಚಿನ ಮೇಲೆ ಹರಿದ ಪೊರೆ ಕಾಗದದ ಮೇಲೆ ಸಿದ್ಧವಾಗಿತ್ತು. ಅವನು ಕೆಳಗಿನಿಂದಲೇ ಹೇಳಿದ. ಕಿಡಿಯಿಂದ ಶುರುಮಾಡಿ ಬಾಟಲಿ, ಫಿಲ್ಟರ್, ಪಂಪು, ನಾಲ್ಕನೇ ಕಿಲೋಮೀಟರು, ಮುಚ್ಚಳದ ಗಾಳಿ, ಎಲ್ಲ ಒಂದಾದ ಮೇಲೊಂದು, ಹೇಗೆ ಬಂತು ಅಂತ. ಕೊನೆಗೆ ಸಂದಿಯಿಂದ ತೋಳು ಹೊರಗೆ ಚಾಚಿ, ಅಂಗೈಯಲ್ಲಿ ಬಟ್ಟೆ ತುಂಡು ತೋರಿಸಿದ.

ಚಪ್ಪಲಿ ಅಲುಗಲಿಲ್ಲ.

ಆಮೇಲೆ ತಿರುಗಿತು. ಹೊರಗೆ ಹೋಯಿತು.

ರಾತ್ರಿಯೆಲ್ಲ ಹೆದರದಷ್ಟು ಆಗ ಹೆದರಿದೆ ಅಂದ. ಷಟರ್ ಮುಚ್ಚಿಕೊಂಡು ಹೋದರೆ ಹೋಗಲಿ ಅಂತಲೂ ಅನ್ನಿಸಿತಂತೆ. ಹತ್ತು ನಿಮಿಷ. ಅಷ್ಟರಲ್ಲಿ ನಾಲ್ಕಾರು ಕಾಲುಗಳ ಸದ್ದು. ಗೋದಾಮಿನ ಹಮಾಲರು ಮೂವರು, ಹಿಂದೆ ಕಂದು ಚಪ್ಪಲಿ.

"ಮುಂದಕ್ಕೆ ನೂಕಿ," ಅಂತಿದ್ದರು ಟೀಚರಮ್ಮ. "ಮೆಲ್ಲಗೆ. ಬೀಡಿ ಆಚೆ ಎಸೆದು ಬನ್ನಿ."

ಮೆಟ್ಟಿಲು ಹತ್ತಿ ಬಂದವನಿಗೆ ನಿಲ್ಲಲಾಗಲಿಲ್ಲ. ಅವರು ಕೂರಿಸಿ ನೀರು ಕೊಟ್ಟರು. ಬಟ್ಟೆ ತುಂಡನ್ನು ಅವನ ಕೈಯಿಂದ ತೆಗೆದು ನೋಡಿದರು. "ನನ್ನ ಎಬ್ಬಿಸದೆ ಹೋದದ್ದು ಅವರ ತಪ್ಪು," ಅಂದರು. "ಇದು ನಿಮ್ಮದು. ಎರಡನ್ನೂ ನಾನು ಸೇರಿಸೋದಿಲ್ಲ."

ರಾತ್ರಿ ಏನಾಯಿತು ಅಂತ ಅವನು ಅವರಿಗೆ ಹೇಳಲಿಲ್ಲ. ಪೆಟ್ರೋಲ್ ಹಬೆ ತಲೆಗೇರಿದರೆ ಏನೇನೋ ಕೇಳಿಸುತ್ತದೆ ಅಂತ ಡಾಕ್ಟರು ಅಂದರು. ಇರಬಹುದು. ನಾನೂ ಹಾಗೇ ಅಂದುಕೊಂಡು ಬಿಡುತ್ತಿದ್ದೆ.

ಕಾರು ಗುಂಡಿಯ ಮೇಲೆ ಏರಿಸುವಾಗ ಎಷ್ಟು ಕಿಲೋಮೀಟರ್ ಓಡಿದೆ ಅಂತ ಮೀಟರ್ ಓದಿ, ಚೀಟಿ ಬರೆದು ಗಾಜಿಗೆ ಅಂಟಿಸುತ್ತಾನೆ ಅವನು. ನಮ್ಮ ಗಾಡಿ ತಗೊಂಡು ಊರು ಸುತ್ತಿದ್ದೀಯ ಅಂತ ಆಮೇಲೆ ಯಾರೂ ಅನ್ನಬಾರದಲ್ಲ. ಟೀಚರಮ್ಮ ಹೊರಡುವ ಮುಂಚೆ ಕಾರಿನೊಳಗೆ ಸುಮ್ಮನೆ ಒಂದು ಗಳಿಗೆ ಕೂತರು. ಚೀಟಿ ನೋಡಿದರು, ಮೀಟರ್ ನೋಡಿದರು. ಪರ್ಸಿನಿಂದ ಪೆನ್ ತೆಗೆದು ಬರೆದರು. "ನಿಮ್ಮ ಲೆಕ್ಕ ತಪ್ಪಿದೆ ಮೇಸ್ತ್ರಿ," ಅಂದು ಚೀಟಿ ಬೆಂಚಿನ ಮೇಲಿಟ್ಟು ಹೋದರು.

ಆ ಚೀಟಿ ಈಗ ನನ್ನ ಹತ್ತಿರ ಇದೆ. ಬೇಕಾದರೆ ತೋರಿಸುತ್ತೇನೆ. ಮೇಲೆ ಪೆನ್ಸಿಲಿನಲ್ಲಿ ಅವನ ಅಂಕಿ. ಅದರ ಕೆಳಗೆ ಶಾಯಿಯಲ್ಲಿ ಅವರದು, ಮೀಟರಿನಲ್ಲಿ ಇದ್ದದ್ದು. ಕಳೆದು ಉತ್ತರ ಬರೆದು ಅಡಿಗೆರೆ ಎಳೆದಿದ್ದಾರೆ. ಮೂರು ಪಾಯಿಂಟ್ ಆರು.

ಬಾವಿಯ ತಿರುವಿನಿಂದ ಆಸ್ಪತ್ರೆಯ ಗೇಟಿಗೆ ನಾನು ಬೈಕಿನಲ್ಲಿ ಎರಡು ಸಲ ಹೋಗಿ ಅಳೆದಿದ್ದೇನೆ. ಎರಡು ಸಲವೂ ಅಷ್ಟೇ ಬಂತು.